ಪರದೆಯನ್ನು ಮುಟ್ಟಿ ನೋಡುವ ಮಗು: ಹಳೆಯ ಆಟದ ಯಂತ್ರ ಮತ್ತು ಭಾಷಾ ತರಗತಿ



ಅಂಗೈಯಲ್ಲಿ ಹಿಡಿದು ಆಡುವ ಹಳೆಯ ಕಾಲದ ಆಟದ ಯಂತ್ರವೊಂದನ್ನು ಇಂದಿನ ಮಕ್ಕಳಿಗೆ ಕೊಟ್ಟರೆ ಅವರು ಹೇಗೆ ಪ್ರತಿಕ್ರಿಯಿಸುತ್ತಾರೆ ಎಂಬುದನ್ನು ಈ ಉಪನ್ಯಾಸದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಭಾಷಾ ಶಿಕ್ಷಕರ ತರಬೇತಿಯಲ್ಲಿ ಆಟಿಕೆಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಅರಿಯದ ವಸ್ತುವಿನ ಎದುರು ಮಗು ಮೊದಲು ಏನು ಮಾಡುತ್ತದೆ, ಆಗ ಪಕ್ಕದಲ್ಲಿರುವ ಹಿರಿಯರು ಏನು ಮಾಡಬೇಕು ಎಂಬುದು ಕಲಿಕೆಯ ಮೂಲಪ್ರಶ್ನೆಗಳಲ್ಲಿ ಒಂದು. ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಈ ಪ್ರಶ್ನೆ ದಿನನಿತ್ಯವೂ ನಮ್ಮನ್ನು ಎದುರುಗೊಳ್ಳುತ್ತದೆ.

ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಸಂಸ್ಥೆಯು 1980ರಲ್ಲಿ ‘ಗೇಮ್ ಅಂಡ್ ವಾಚ್’ ಎಂಬ ಪುಟ್ಟ ಆಟಿಕೆಗಳನ್ನು ಹೊರತಂದಿತು. ಕ್ಯಾಲ್ಕ್ಯುಲೇಟರಿಗೆ ಇರುವಂತಹ ಪರದೆ, ಒಂದು ಆಟ, ಒಂದು ಗಡಿಯಾರ, ಇಷ್ಟೇ ಅದರಲ್ಲಿದ್ದದ್ದು. ಅದನ್ನು ರೂಪಿಸಿದ ಗುನ್‌ಪೇ ಯೊಕೊಯಿ ಅವರ ವಿಭಾಗದಿಂದಲೇ 1989ರಲ್ಲಿ ‘ಗೇಮ್ ಬಾಯ್’ ಬಂದಿತು. ನಾಲ್ಕು ಪೆನ್ಸಿಲ್ ಸೆಲ್‌ಗಳಿಂದ ನಡೆಯುತ್ತಿದ್ದ ಆ ಯಂತ್ರದ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳಿದ್ದವು. ಬಣ್ಣಗಳಿರಲಿಲ್ಲ, ಹಸುರು ಛಾಯೆಯಲ್ಲಿ ನಾಲ್ಕು ಹಂತದ ನೆರಳು ಮಾತ್ರ. ಪರದೆಗೆ ಸ್ವಂತ ಬೆಳಕೂ ಇಲ್ಲದ್ದರಿಂದ ಬಿಸಿಲು ಬರುವಲ್ಲಿಯೋ ದೀಪದ ಕೆಳಗೋ ಕುಳಿತು ಆಡಬೇಕಾಗಿತ್ತು. ಆದರೂ ಅದರ ನಂತರದ ಬಣ್ಣದ ಮಾದರಿಯೂ ಸೇರಿ 11 ಕೋಟಿಗೂ ಹೆಚ್ಚು ಯಂತ್ರಗಳು ಜಗತ್ತಿನಲ್ಲಿ ಮಾರಾಟವಾದವು.

ನಮ್ಮ ಕಡೆ ಗೇಮ್ ಬಾಯ್ ಕಂಡವರು ವಿರಳ. 1990ರ ದಶಕದಲ್ಲಿ ಜಾತ್ರೆಯ ಅಂಗಡಿಗಳಲ್ಲಿಯೂ, ಗಲ್ಫಿನಿಂದ ರಜೆಗೆ ಬಂದ ಬಂಧುಗಳ ಪೆಟ್ಟಿಗೆಗಳಲ್ಲಿಯೂ ನಾವು ಕಂಡದ್ದು ‘ಬ್ರಿಕ್ ಗೇಮ್’ ಎಂಬ ಅಗ್ಗದ ಯಂತ್ರ. ಮೇಲಿನಿಂದ ಇಳಿಯುವ ಇಟ್ಟಿಗೆಗಳನ್ನು ತಿರುಗಿಸಿ, ಸರಿಸಿ, ಸಾಲು ತುಂಬುವುದೇ ಅದರ ಮುಖ್ಯ ಆಟ. ಅದರ ಮೈಮೇಲೆ 9999 ಆಟಗಳಿವೆ ಎಂದು ಮುದ್ರಿಸಿರುತ್ತಿದ್ದರೂ ಬೆರಳೆಣಿಕೆಯ ಆಟಗಳೇ ವೇಗ ಬದಲಿಸಿಕೊಂಡು ಮರಳಿ ಬರುತ್ತಿದ್ದವು. ಆ ಇಟ್ಟಿಗೆಯಾಟದ ಮೂಲ ‘ಟೆಟ್ರಿಸ್’. ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ ಎಂಬವರು 1984ರಲ್ಲಿ ಅದನ್ನು ರಚಿಸಿದರು.

ಕೆಲವು ಶಾಲೆಗಳಲ್ಲಿ ಐದರಿಂದ ಏಳನೆಯ ತರಗತಿಯವರೆಗಿನ ಮಕ್ಕಳ ಮುಂದೆ ಈ ಬ್ರಿಕ್ ಗೇಮನ್ನು ಇಟ್ಟು ನಾನು ಗಮನಿಸಿದ್ದೇನೆ. ಇದು ಸಂಶೋಧನೆಯಲ್ಲ, ಕೇವಲ ತರಗತಿಯ ಅವಲೋಕನ. ಬಹುತೇಕ ಮಕ್ಕಳು ಮೊದಲು ಮಾಡಿದ್ದು ಒಂದೇ ಕೆಲಸ: ಪರದೆಯ ಮೇಲೆ ಬೆರಳಿಟ್ಟು ಇಟ್ಟಿಗೆಯನ್ನು ಎಳೆಯಲು ನೋಡಿದರು. ಅದು ಕದಲದಿದ್ದಾಗ ಬೆರಳನ್ನು ಅಂಗಿಗೆ ಒರೆಸಿಕೊಂಡು ಮತ್ತೊಮ್ಮೆ ಮುಟ್ಟಿದವರಿದ್ದಾರೆ. ಅನಂತರ ಚಾರ್ಜ್ ಮಾಡುವ ತೂತು ಎಲ್ಲಿದೆಯೆಂದು ಅಂಚುಗಳನ್ನು ತಡವಿದರು. ಪರದೆ ಮಬ್ಬಾಗಿ ಕಂಡಾಗ ಬೆಳಕು ಹೆಚ್ಚಿಸುವ ಗುಂಡಿಯನ್ನು ಹುಡುಕಿದರು. ಕಿಟಕಿಯ ಕಡೆ ತಿರುಗಿಸಿದರೆ ಸಾಕೆಂದು ಕಂಡುಕೊಂಡವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಆಟ ಮುಗಿದಾಗ, ನಿಂತ ಕಡೆಯಿಂದಲೇ ಮುಂದುವರಿಸಲು ಬರುವುದಿಲ್ಲವೇ ಎಂದು ಕೇಳಿದರು. ಮತ್ತೆ ಮೊದಲಿನಿಂದಲೇ ಆಡಬೇಕೆಂಬುದು ಅವರಿಗೆ ಅತ್ಯಂತ ವಿಚಿತ್ರವಾಗಿ ತೋರಿತು. ಐದು ನಿಮಿಷಕ್ಕೆ ಬೇಸತ್ತು ಎದ್ದುಹೋದವರೂ ಇದ್ದಾರೆ. ಆದರೆ ನಿಯಮ ಹಿಡಿತಕ್ಕೆ ಸಿಕ್ಕಿದವರನ್ನು ಅಲ್ಲಿಂದ ಎಬ್ಬಿಸುವುದಕ್ಕೆ ಗಂಟೆಯನ್ನೇ ಬಾರಿಸಬೇಕಾಯಿತು.

ಮಗು ಪರದೆಯನ್ನು ಮುಟ್ಟಿದೊಡನೆ ನೋಡುವ ಹಿರಿಯರು ನಗುತ್ತಾರೆ. ಇಷ್ಟೂ ತಿಳಿಯದೇ ಎಂಬ ನಗು ಅದು. ನಾವು ನಿಂತು ಆಲೋಚಿಸಬೇಕಾದದ್ದು ಇಲ್ಲಿಯೇ. ಆ ಮಗುವಿಗೆ ಏನೂ ತಿಳಿಯದೆ ಇದ್ದಿದ್ದರೆ ಅದು ಪರದೆಯನ್ನು ಮುಟ್ಟುತ್ತಲೇ ಇರಲಿಲ್ಲ. ತಾನು ಕಂಡ ಪ್ರತಿಯೊಂದು ಪರದೆಯೂ ಬೆರಳಿಗೆ ಓಗೊಟ್ಟಿದೆ, ಆದ್ದರಿಂದ ಇದೂ ಓಗೊಡಬೇಕು ಎಂದು ಅದು ತರ್ಕಿಸಿದೆ. ನಿಯಮ ಸರಿಯಾಗಿಯೇ ಇದೆ, ಅನ್ವಯಿಸಿದ ಸ್ಥಳ ಬೇರೆ. ನಾವು ನಕ್ಕರೆ ಮಗು ಕೈಯನ್ನು ಹಿಂದೆಗೆದುಕೊಳ್ಳುತ್ತದೆ. ಒಡನೆ ಗುಂಡಿಯನ್ನು ತೋರಿಸಿಕೊಟ್ಟರೆ ಆಡುತ್ತದೆ, ಆದರೆ ಪ್ರಶ್ನೆ ಕೇಳುವುದಿಲ್ಲ. ಎರಡು ನಿಮಿಷ ಸುಮ್ಮನಿದ್ದರೆ ಮಕ್ಕಳೇ ಮಾತನಾಡತೊಡಗುತ್ತಾರೆ: ಇದು ಏಕೆ ಅಲುಗುವುದಿಲ್ಲ, ಈ ಗುಂಡಿ ಯಾವುದಕ್ಕೆ, ಇದನ್ನು ಒತ್ತಿದಾಗ ಏನಾಯಿತು.

ಈ ಮಾತುಗಳೇ ನಮ್ಮ ಬಂಡವಾಳ. ಯಂತ್ರ ಒಂದು, ಮಕ್ಕಳು ಹದಿನೈದು. ಒಬ್ಬನು ಆಡುತ್ತಾನೆ, ಹದಿನಾಲ್ವರು ಸಲಹೆ ಕೊಡುತ್ತಾರೆ. ಇಟ್ಟಿಗೆ ಇಳಿಯುತ್ತಿರುವಾಗ ಭಾಷೆಯನ್ನು ಆರಿಸಿಕೊಳ್ಳಲು ಸಮಯವಿಲ್ಲ. ನಾಲಗೆಗೆ ಹತ್ತಿರವಾದದ್ದೇ ಹೊರಗೆ ಬರುತ್ತದೆ. ಕಾಸರಗೋಡಿನ ತರಗತಿಯೊಂದರಲ್ಲಿ ಕೇಳಿಸಿದ್ದು ಇಡತ್ತೋಟ್ಟ್, ವಲತ್ತೋಟ್ಟ್ ಎಂಬ ಮಲಯಾಳದ ಕೂಗು, ನಡುನಡುವೆ ತುಳು, ಅಲ್ಲೊಂದು ಇಲ್ಲೊಂದು ಕನ್ನಡ. ಪಾಠಕ್ಕೆ ಉತ್ತರ ಹೇಳುವಾಗ ಅಚ್ಚುಕಟ್ಟಾದ ಕನ್ನಡವನ್ನಾಡುವ ಮಕ್ಕಳೇ ಅವರು. ಅಂದರೆ ಕನ್ನಡ ಅವರಿಗೆ ಉತ್ತರದ ಭಾಷೆಯಾಗಿದೆ, ಆಟದ ಭಾಷೆಯಾಗಿಲ್ಲ. ಪರೀಕ್ಷೆಯ ಹೊರಗೆ ಬಳಕೆಯಿಲ್ಲದ ಭಾಷೆಯನ್ನು ಶಾಲೆ ಬಿಟ್ಟ ಮೇಲೆ ಮಗು ತನ್ನೊಡನೆ ಕೊಂಡೊಯ್ಯುವುದೇ? ನಮ್ಮ ಶಾಲೆಗಳ ಮಟ್ಟಿಗೆ ಇದು ಅಳಿವು ಉಳಿವಿನ ಪ್ರಶ್ನೆ.

ಹಾಗೆಂದು ಆಡುವಾಗ ಕನ್ನಡದಲ್ಲಿಯೇ ಕೂಗಿರಿ ಎಂದು ಆಜ್ಞಾಪಿಸಿದರೆ ಕೂಗೇ ನಿಂತುಹೋಗುತ್ತದೆ. ಆ ಕೂಗುಗಳನ್ನು ಕಪ್ಪುಹಲಗೆಗೆ ತನ್ನಿರಿ. ಎಡ, ಇಡ, ಬಲ, ವಲ. ಇವುಗಳ ಮುಂದೆ ಎಲೆ, ಇಲ, ಬಾಳೆ, ವಾಳ, ಬೇರು, ವೇರ್ ಎಂದು ಬರೆಯಿರಿ. ಮಲಯಾಳದ ಎಷ್ಟೋ ಪದಗಳ ಮೊದಲಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುತ್ತದೆ ಎಂಬುದನ್ನು ಮಕ್ಕಳೇ ಹೇಳುತ್ತಾರೆ. ಹೊಸೂರು, ತಾಳವಾಡಿಯ ಶಿಕ್ಷಕರು ತಮಿಳಿನಿಂದಲೂ ಇದೇ ಪಟ್ಟಿಯನ್ನು ಮಾಡಬಹುದು. ಮಡಕಶಿರಾದ ಮಕ್ಕಳಿಗೆ ತೆಲುಗಿನ ಎಡಮ ಹತ್ತಿರದ ಪದ, ಕುಡಿ ದೂರದ್ದು. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯ ಡಾವಾ, ಉಜವಾ ಎರಡೂ ಬೇರೆ ಮೂಲದವು. ಅಲ್ಲಿ ಹೋಲಿಕೆಗೆ ಬದಲಾಗಿ ಪದಗಳನ್ನು ಜೋಡಿಯಾಗಿ ಇಟ್ಟು ವಾಕ್ಯ ಮಾಡಿಸಬಹುದು.

ಈ ಪಟ್ಟಿಯಿಂದ ಶಿಕ್ಷಕರಿಗೂ ಒಂದು ಲಾಭವಿದೆ. ಬೇರು ಎಂದು ಬರೆಯಬೇಕಾದಲ್ಲಿ ವೇರು ಎಂದು ಬರೆದ ಮಗು, ಪರದೆಯನ್ನು ಮುಟ್ಟಿದ ಮಗುವಿನಂತೆಯೇ, ಒಂದೆಡೆ ಸರಿಯಾದ ನಿಯಮವನ್ನು ಇನ್ನೊಂದೆಡೆ ಅನ್ವಯಿಸಿದೆ. ಕೆಂಪು ಶಾಯಿಯ ಗೆರೆ ಅದಕ್ಕೆ ತಪ್ಪಿದೆ ಎಂದಷ್ಟೇ ತಿಳಿಸುತ್ತದೆ. ಪಟ್ಟಿಯನ್ನು ತಾನೇ ಮಾಡಿದ ಮಗುವಿಗೆ ಎಲ್ಲಿ ಏಕೆ ತಪ್ಪಿತೆಂಬುದೂ ತಿಳಿಯುತ್ತದೆ.

ಯಂತ್ರವೇ ಸಿಗದ ಶಾಲೆಗಳು ಏನು ಮಾಡಬೇಕು? ಪಜಿಟ್ನೊವ್ ಮೊದಲ ಟೆಟ್ರಿಸ್ ಬರೆದ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಸೌಕರ್ಯವಿರಲಿಲ್ಲ. ಅವರು ಆವರಣ ಚಿಹ್ನೆಗಳಿಂದಲೇ ಇಟ್ಟಿಗೆಗಳನ್ನು ಮಾಡಿದರು. ಹಳತಾಗಿ ಅಗ್ಗವಾದ, ಎಲ್ಲರೂ ಬಲ್ಲ ತಂತ್ರಕ್ಕೆ ಹೊಸ ಉಪಯೋಗ ಕಾಣಬೇಕೆಂಬುದು ಯೊಕೊಯಿ ಅವರ ಧೋರಣೆಯಾಗಿತ್ತು. ನಮಗೆ ಚೌಕದ ಲೆಕ್ಕದ ಪುಸ್ತಕವೊಂದು ಸಾಕು. ಮೂರು ಚಟುವಟಿಕೆಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಬೆನ್ನಿಗೆ ಬೆನ್ನು. ಇಬ್ಬರು ಮಕ್ಕಳು ಬೆನ್ನುಹಾಕಿ ಕುಳಿತಿರಲಿ. ಬ್ರಿಕ್ ಗೇಮಿನ ಪರದೆಯಂತೆ ಅಡ್ಡಕ್ಕೆ 10, ಉದ್ದಕ್ಕೆ 20 ಮನೆಗಳ ಚೌಕದಲ್ಲಿ ಒಬ್ಬಳು ಇಟ್ಟಿಗೆಗಳನ್ನು ಜೋಡಿಸಿ, ಅದನ್ನು ಮಾತಿನಿಂದ ಮಾತ್ರ ವಿವರಿಸಬೇಕು. ಇನ್ನೊಬ್ಬನು ಕೇಳಿ ಬರೆಯಬೇಕು. ‘ಎಡದಿಂದ ಮೂರನೆಯ ಮನೆಯ ಮೇಲೆ’, ‘ಅದಕ್ಕೆ ತಾಗಿದಂತೆ’ ಮುಂತಾದ ಪ್ರಯೋಗಗಳು ಇಲ್ಲಿ ಅನಿವಾರ್ಯವಾಗುತ್ತವೆ. ಬೆರಳು ತೋರಿಸಿ ‘ಇಲ್ಲಿ’ ಎನ್ನಲು ದಾರಿಯಿಲ್ಲ.

ಎರಡನೆಯದು, ನಾಲ್ಕು ಚೌಕಗಳ ಲೆಕ್ಕ. ಅಂಚಿಗೆ ಅಂಚು ಸೇರಿಸಿದ ನಾಲ್ಕು ಚೌಕಗಳಿಂದ ಎಷ್ಟು ಆಕಾರಗಳಾಗುತ್ತವೆ? ಕಾಗದದ ತುಂಡುಗಳನ್ನು ಮಗುಚಿ ಹಾಕಲು ಬಿಟ್ಟರೆ ಐದು. ತಿರುಗಿಸಲು ಮಾತ್ರ ಬಿಟ್ಟರೆ ಏಳು. ಟೆಟ್ರಿಸ್‌ನಲ್ಲಿರುವುದು ಈ ಏಳು. ಮಗುಚುವುದು, ತಿರುಗಿಸುವುದು ಎಂಬ ಎರಡು ಕ್ರಿಯಾಪದಗಳ ಭೇದವನ್ನು ಐದೋ ಏಳೋ ಎಂಬ ಜಗಳವೇ ಕಲಿಸಿಕೊಡುತ್ತದೆ.

ಮೂರನೆಯದು, ಚುಕ್ಕೆಯಕ್ಷರ. ಗೇಮ್ ಬಾಯ್ ಪರದೆಯ ಚಿತ್ರಗಳು ಅಡ್ಡಕ್ಕೆ 8, ಉದ್ದಕ್ಕೆ 8 ಚುಕ್ಕೆಗಳ ತುಣುಕುಗಳಿಂದ ಆಗುತ್ತಿದ್ದವು. ಅಷ್ಟೇ ಮನೆಗಳಲ್ಲಿ ಪಕಾರ, ಷಕಾರಗಳನ್ನು ಬರೆಯಲಿ. ವಕಾರ, ಮಕಾರಗಳನ್ನು ಬರೆಯಲಿ. ಒಂದು ಅಕ್ಷರವನ್ನು ಇನ್ನೊಂದರಿಂದ ಬೇರ್ಪಡಿಸುವ ಗೆರೆ ಯಾವುದೆಂದು ಮಗು ತಾನೇ ಹುಡುಕಬೇಕಾಗುತ್ತದೆ. ಒತ್ತಕ್ಷರಕ್ಕೆ ಬಂದಾಗ ಮನೆಗಳು ಸಾಲದೆ ಹೋಗುತ್ತವೆ; ಇನ್ನೆಷ್ಟು ಸಾಲು ಬೇಕೆಂದು ಅವರೇ ನಿರ್ಧರಿಸಲಿ.

ಎರಡು ಎಚ್ಚರಿಕೆಗಳನ್ನು ಹೇಳಬೇಕು. ಮನೆಯ ಅಟ್ಟದಿಂದ ತಂದ ಯಂತ್ರದಲ್ಲಿ ಹಳೆಯ ಸೆಲ್‌ಗಳು ಸೋರಿರಬಹುದು. ಅವುಗಳನ್ನು ಮಕ್ಕಳ ಕೈಗೆ ಕೊಡದೆ ತಾವೇ ತೆಗೆದು, ಒಳಭಾಗವನ್ನು ಸ್ವಚ್ಛಗೊಳಿಸಿರಿ. ಇನ್ನೊಂದು, ನಮ್ಮ ಕಾಲದ ಆಟಗಳೇ ಲೇಸಾಗಿದ್ದವು, ಮೊಬೈಲಿನಿಂದ ನೀವು ಕೆಟ್ಟಿರಿ ಎಂಬ ಉಪದೇಶಕ್ಕೆ ಈ ಸಂದರ್ಭವನ್ನು ಬಳಸಬೇಡಿರಿ. ನಾವೂ ಆ ಇಟ್ಟಿಗೆಯಾಟದಲ್ಲಿ ಊಟ ಮರೆತವರೇ. ಯಂತ್ರ ಹಳೆಯದು ಎಂಬುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಮಕ್ಕಳಿಗೆ ಅದು ಅಪರಿಚಿತ ಎಂಬುದರಿಂದಲೇ ನಮಗೆ ಉಪಯೋಗ.

ಕೊನೆಯದಾಗಿ ಒಂದು ಕೋರಿಕೆ. ಈ ಚಟುವಟಿಕೆಗಳಲ್ಲಿ ಯಾವುದನ್ನಾದರೂ ಮಾಡುವಾಗ ತಮ್ಮ ಕೈಯಲ್ಲಿ ಸೀಮೆಸುಣ್ಣದ ಬದಲು ಟಿಪ್ಪಣಿ ಪುಸ್ತಕವಿರಲಿ. ಮೊದಲ ಎರಡು ನಿಮಿಷ ಏನನ್ನೂ ತಿದ್ದದೆ, ಮಕ್ಕಳು ಆಡಿದ ಮಾತುಗಳನ್ನು ಅವರು ಆಡಿದ ಭಾಷೆಯಲ್ಲಿಯೇ ಬರೆದುಕೊಳ್ಳಿರಿ. ಮುಂದಿನ ಕ್ಲಸ್ಟರ್ ಸಭೆಗೆ ಆ ಪುಟವನ್ನು ತಂದರೆ, ಯಾವ ಮಗುವಿನ ಕನ್ನಡ ಎಲ್ಲಿಗೆ ಬಂದು ನಿಂತಿದೆ, ಅದನ್ನು ಮುಂದಕ್ಕೆ ಒಯ್ಯಲು ಯಾವ ಪದ ಬೇಕು ಎಂಬುದನ್ನು ಒಟ್ಟಿಗೆ ಕುಳಿತು ನೋಡೋಣ.