ಅಗತ್ಯಕ್ಕೆ ತಕ್ಕ ಮನೆ
(ಜುಮಾ ಖುತ್ಬಾದ ಸಾರಾಂಶ)



ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 80ನೇ ಸೂಕ್ತದಲ್ಲಿ ಅಲ್ಲಾಹನು ತನ್ನ ಅನುಗ್ರಹಗಳ ಸಾಲಿನಲ್ಲಿ ಮನೆಯನ್ನೂ ಎಣಿಸುತ್ತಾನೆ. ಅದು ನೆಮ್ಮದಿಯ ತಾಣ. ಪ್ರಯಾಣದಲ್ಲಿ ಹೊತ್ತೊಯ್ಯಲು ಹಗುರವಾದ ಚರ್ಮದ ಡೇರೆಗಳ ಪ್ರಸ್ತಾಪವೂ ಅದೇ ಸೂಕ್ತದಲ್ಲಿದೆ. ಬಿಚ್ಚಿ ಜೋಡಿಸುವ ಹಗುರ ಮನೆಯೂ ಅನುಗ್ರಹವೇ. ಕಾಂಕ್ರೀಟಿನದ್ದು ಮಾತ್ರ ಮನೆ ಎಂದುಕೊಂಡಿರುವ ನಾವು ಇದನ್ನು ಯೋಚಿಸಬೇಕು.

ನಮ್ಮ ಕರಾವಳಿಯ ಊರುಗಳಲ್ಲಿ ನಾವು ಕಾಣುತ್ತಿರುವುದೇನು? ಗಲ್ಫಿನ ಒಂದು ಕೋಣೆಯಲ್ಲಿ ಆರು ಮಂದಿಯ ಜೊತೆ ಮಲಗುವ ಮಗ ಊರಿನಲ್ಲಿ ಆರು ಕೋಣೆಯ ಮನೆ ಕಟ್ಟಿಸುತ್ತಾನೆ. ಕೆಳಗೆ ಉಮ್ಮ ಒಬ್ಬರೇ, ಮಹಡಿಗೆ ಬೀಗ. ಬಡ್ಡಿ ಸಾಲ ತೀರುವ ಮೊದಲೇ ಗೋಡೆಗೆ ಪಾಚಿ. ಇದಕ್ಕಾಗಿ ನದಿಯ ಮರಳು ಹೋಯಿತು, ಗುಡ್ಡದ ಕೆಂಪುಕಲ್ಲು ಹೋಯಿತು. ಜಗತ್ತು ಹೊರಸೂಸುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8 ಶೇಕಡಾ ಸಿಮೆಂಟಿನದ್ದು. ಇದು ಇಸ್ರಾಫ್ ಅಲ್ಲದೆ ಮತ್ತೇನು?

ಈಗ ಪ್ರಿಫ್ಯಾಬ್ ಮನೆಗಳು ಬಂದಿವೆ. ಉಕ್ಕಿನ ಚೌಕಟ್ಟು, ಗೋಡೆಯ ಪ್ಯಾನೆಲ್‌ಗಳು ಕಾರ್ಖಾನೆಯಲ್ಲಿ ಅಳತೆಗೆ ತಯಾರಾಗಿ, ಜಾಗದಲ್ಲಿ ಬೋಲ್ಟ್ ಹಾಕಿ ಜೋಡಿಸಲ್ಪಡುತ್ತವೆ. ಸಾಮಗ್ರಿ ಪೋಲಾಗುವುದು ಕಡಿಮೆ. ಹಗುರವಾದ್ದರಿಂದ ಅಡಿಪಾಯವೂ ಚಿಕ್ಕದು. ನಕ್ಷೆಯಲ್ಲಿ ಮೊದಲೇ ಜಾಗ ಬಿಟ್ಟಿದ್ದರೆ ಇಂದು ಎರಡು ಕೋಣೆ ಸಾಕು. ಮಗನ ನಿಕಾಹ್ ಹೊತ್ತಿಗೆ ಕೈಯಲ್ಲಿ ಹಣವಿದ್ದರೆ ಇನ್ನೊಂದನ್ನು ಸೇರಿಸಬಹುದು. ಸಾಲ ಬೆಳೆಯುವುದಿಲ್ಲ, ಕುಟುಂಬದ ಜೊತೆ ಮನೆ ಬೆಳೆಯುತ್ತದೆ.

ಆದರೆ ಪ್ರಿಫ್ಯಾಬ್ ಎಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದೆಂದು ನಂಬಬೇಡಿ. ಉಕ್ಕು ತಯಾರಿಸಲೂ ಅಪಾರ ಇಂಧನ ಬೇಕು. ಬರಿಯ ತಗಡಿನ ಮಾಡು ಏಪ್ರಿಲಿನಲ್ಲಿ ಒಲೆ, ಜುಲೈಯಲ್ಲಿ ತಮಟೆ. ಆಮೇಲೆ ಎಸಿ ಹಾಕಿದರೆ ಉಳಿಸಿದ್ದೆಲ್ಲ ಕರೆಂಟ್ ಬಿಲ್ಲಿಗೆ. ನಮ್ಮ ಹಿರಿಯರ ಹೆಂಚಿನ ಮನೆಯನ್ನು ನೆನಪಿಸಿಕೊಳ್ಳಿ. ಇಳಿಜಾರು ಮಾಡು, ಮೂರಡಿ ಚಾಚಿದ ಸೂರು, ಎದುರುಬದುರು ಕಿಟಕಿ. ಕಳಚಿದರೆ ಹೆಂಚೂ ಮರವೂ ಮತ್ತೊಂದು ಮನೆಗೆ ಬರುತ್ತಿದ್ದವು. ಉಕ್ಕಿನ ಚೌಕಟ್ಟಿನ ಮೇಲೂ ಹೆಂಚು ಹೊದಿಸಬಹುದು. ಅದರ ಭಾರವನ್ನು ಇಂಜಿನಿಯರ್ ಬಳಿ ಮೊದಲೇ ಲೆಕ್ಕ ಹಾಕಿಸಿ. ಮನೆಯ ಉದ್ದದ ಬದಿಗಳು ಉತ್ತರ, ದಕ್ಷಿಣಕ್ಕಿರಲಿ. ಪಶ್ಚಿಮದ ಗೋಡೆ ಚಿಕ್ಕದಿರಲಿ. ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪನವಿದೆಯೇ, ಪ್ಯಾನೆಲ್‌ನ ಒಳಗಿರುವುದು ಬೆಂಕಿ ಹಿಡಿಯುವ ಫೋಮೇ ಎಂದು ಕೇಳಿ ತಿಳಿಯಿರಿ.

ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ನಮ್ಮಲ್ಲಿ 1,000 ಚದರ ಅಡಿಯ ಮಾಡಿನ ಮೇಲೆ 3 ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಅದು ಚರಂಡಿಗಲ್ಲ, ಸೋಸಿ ಬಾವಿಯ ಬಳಿಯ ಇಂಗುಗುಂಡಿಗೆ ಹೋಗಲಿ. ವುಝೂ ಮಾಡಿದ ನೀರು ಬಾಳೆಯ ಬುಡ ಸೇರಲಿ.

ಇನ್ನೊಂದು ಮಾತು. ನಕ್ಷೆ ಕಾರ್ಖಾನೆಗೆ ಹೋದ ಮೇಲೆ ಕಿಟಕಿ ಸರಿಸುವುದು ಸುಲಭವಲ್ಲ. ಹಾಗಾಗಿ ಸಮಾಲೋಚನೆ ಮೊದಲೇ ಆಗಲಿ. ಅಡುಗೆಮನೆಯ ಬಗ್ಗೆ ಅಲ್ಲಿ ದುಡಿಯುವವರನ್ನು ಕೇಳೋಣ. ಮೆಟ್ಟಿಲಿನ ಬಗ್ಗೆ ಉಮ್ಮನ ಮೊಣಕಾಲನ್ನು ಕೇಳೋಣ. ನೆರೆಯವರ ಮಹಡಿಯನ್ನು ಕೇಳುವುದು ಬೇಡ.

ಪ್ರವಾದಿ(ಸ)ರು ಮದೀನಾದಲ್ಲಿ ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಕಾಂಡದ ಕಂಬ, ಗರಿಗಳ ಮಾಡು ಇತ್ತು. ಅಲ್ಲಿ ಸಿಗುತ್ತಿದ್ದುದರಲ್ಲೇ, ಬೇಕಾದಷ್ಟನ್ನೇ ಕಟ್ಟಿದರು. ನಮ್ಮ ಮನೆಗಳನ್ನೂ ಅಲ್ಲಾಹನು ಸಾಲದ ಹೊರೆಯಾಗಿಸದೆ ನೆಮ್ಮದಿಯ ತಾಣವಾಗಿಸಲಿ. ಆಮೀನ್.