ಪೊಲೀಸರ ಮುಂದೆ ಕೂತ ಹುಡುಗ



2005ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಒಂದು ಶಾಲೆಗೆ ಪೊಲೀಸರು ಬಂದರು. 13 ವರ್ಷದ ಹುಡುಗನೊಬ್ಬನನ್ನು ತರಗತಿಯಿಂದ ಎಬ್ಬಿಸಿಕೊಂಡು ಹೋಗಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಕಳ್ಳತನದ ಬಗ್ಗೆ ವಿಚಾರಿಸಿದರು. ಅವನ ಪೋಷಕಿಯಾಗಿದ್ದ ಅಜ್ಜಿಗೆ ಸುದ್ದಿ ಕಳಿಸಲಿಲ್ಲ. ಉತ್ತರ ಕೊಡದೇ ಇರಬಹುದು, ಎದ್ದು ಹೋಗಬಹುದು ಎಂದು ಅವನಿಗೆ ತಿಳಿಸಿದ್ದು ಅವನು ತಪ್ಪೊಪ್ಪಿಕೊಂಡ ಮೇಲೆ! ಹುಡುಗ ಪೊಲೀಸರ ವಶದಲ್ಲಿದ್ದನೇ ಎಂದು ತೀರ್ಮಾನಿಸುವಾಗ ಅವನ ವಯಸ್ಸನ್ನೂ ನೋಡಬೇಕು ಎಂದು ಆ ದೇಶದ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಐವರು ನ್ಯಾಯಮೂರ್ತಿಗಳು ಹಾಗೆಂದರು, ನಾಲ್ವರು ಒಪ್ಪಲಿಲ್ಲ.

ಮೊದಲೇ ತಿಳಿಸಿದ್ದರೆ ಅವನಿಗೆ ಅರ್ಥವಾಗುತ್ತಿತ್ತೇ? ವಶಕ್ಕೆ ಪಡೆದವರಿಗೆ ಸುಮ್ಮನಿರುವ ಹಕ್ಕನ್ನೂ ವಕೀಲರ ಹಕ್ಕನ್ನೂ ಓದಿ ಹೇಳಿಯೇ ಪ್ರಶ್ನಿಸಬೇಕೆಂಬುದು ಅಲ್ಲಿ 1966ರಿಂದ ಇರುವ ನಿಯಮ. ಮನಶ್ಶಾಸ್ತ್ರಜ್ಞ ಥಾಮಸ್ ಗ್ರಿಸ್ಸೊ ಇದನ್ನೇ ಪರೀಕ್ಷಿಸಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಿ ಹೇಳುವ ನಾಲ್ಕೂ ಮಾತುಗಳು ಸರಿಯಾಗಿ ಅರ್ಥವಾಗಿದ್ದು ವಯಸ್ಕರಲ್ಲಿ ಸುಮಾರು ಶೇ 42 ಮಂದಿಗೆ, ಎಳೆಯರಲ್ಲಿ ಶೇ 21ರಷ್ಟು ಮಂದಿಗೆ ಮಾತ್ರ. 15 ತುಂಬದವರ ಸ್ಥಿತಿ ಇನ್ನೂ ಕಷ್ಟದ್ದು. ವಕೀಲರು ನಿರಪರಾಧಿಗಳಿಗಷ್ಟೇ ಸಹಾಯ ಮಾಡುತ್ತಾರೆ ಎಂದುಕೊಂಡವರಿದ್ದರು. ಸುಮ್ಮನಿದ್ದರೆ ಮುಂದೆ ನ್ಯಾಯಾಧೀಶರು ಶಿಕ್ಷಿಸಬಹುದು ಎಂದು ನಂಬಿದ್ದವರೂ ಇದ್ದರು. ಅಂದರೆ ಹಕ್ಕು ಅವರ ಕಣ್ಣಿಗೆ ಅಧಿಕಾರಿ ತೋರುವ ರಿಯಾಯಿತಿ, ಬೇಡವೆನಿಸಿದಾಗ ಹಿಂದಕ್ಕೆ ಪಡೆಯಬಹುದಾದದ್ದು.

ಇದರಲ್ಲಿ ಮಕ್ಕಳ ತಪ್ಪು ನನಗೆ ಕಾಣುವುದಿಲ್ಲ. ದೊಡ್ಡವರು ಕೇಳಿದರೆ ಉತ್ತರ ಕೊಡು, ಎದುರಾಡಬೇಡ ಎಂದು ಬೆಳೆಸಿದವರು ನಾವೇ. ಒಪ್ಪಿಕೋ, ಮನೆಗೆ ಕಳಿಸುತ್ತೇವೆ ಎಂದರೆ ಹೆದರಿದ ಹುಡುಗನಿಗೆ ಕೇಳಿಸುವುದು ಮನೆ ಎಂಬ ಮಾತೊಂದೇ.

ಹಾಗಾಗಿ ನಮ್ಮ ದೇಶದ ಬಾಲ ನ್ಯಾಯ ಕಾಯ್ದೆ ಮತ್ತು ಅದರ ನಿಯಮಗಳು ಹಿಡಿದ ದಾರಿ ನನಗೆ ಮೆಚ್ಚುಗೆ. ಇಲ್ಲಿ ಹೆಚ್ಚಿನ ಹೊಣೆ ಮಗುವಿನದಲ್ಲ, ಪೊಲೀಸರದು. 18 ತುಂಬದವರನ್ನು ಲಾಕಪ್‌ಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. ತಪ್ಪೊಪ್ಪಿಕೊಳ್ಳುವಂತೆ ಒತ್ತಾಯಿಸುವಂತಿಲ್ಲ, ಯಾವ ಹೇಳಿಕೆಗೂ ಸಹಿ ಹಾಕಿಸುವಂತಿಲ್ಲ. ಮಾತನಾಡಿಸುವಾಗ ತಂದೆತಾಯಿ ಜೊತೆಯಲ್ಲಿರಬಹುದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಆದರೆ ಠಾಣೆಯ ಹೊರಗೆ ಕೈಮುಗಿದು ನಿಂತ ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲದಿದ್ದರೆ, ನಿಯಮ ಮುರಿದದ್ದನ್ನು ಕೇಳುವವರು ಯಾರು?

ಆ ಅಪ್ಪ ಮೊದಲು ಒಳಗೆ ಹೋಗಿ, ಮಗನ ಪಕ್ಕದಲ್ಲಿ ಕೂರುತ್ತೇನೆ ಎನ್ನಲಿ. ಉಚಿತ ಕಾನೂನು ನೆರವಿಗೆ ಕರೆ ಮಾಡಬೇಕಾದ ಸಂಖ್ಯೆ 15100, ಮಕ್ಕಳ ಸಹಾಯವಾಣಿ 1098. ಎರಡನ್ನೂ ಬರೆದಿಟ್ಟುಕೊಳ್ಳಿ.