ಒಡೆದದ್ದು ಸ್ಪೀಕರ್ ಅಲ್ಲ, ಅದರ ಅಂಚು

 

ಇವತ್ತಿನ ಮಾತು ನಮ್ಮೂರಿನ ಒಂದು ಹಳೇ ಕಥೆಯಿಂದ ಶುರು ಮಾಡ್ತೀನಿ. ಪಂಡಿತ ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದವರು, ಗದಗಿನ ಹುಡುಗ. ಚಿಕ್ಕವರಿದ್ದಾಗ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯ ಗ್ರಾಮೊಫೋನ್ ತಟ್ಟೆ ಕೇಳಿದರು. ಹಾಡಿದ್ರೆ ಹೀಗೇ ಹಾಡಬೇಕು ಅಂತ ಹಠ ಹಿಡಿದರು. 1933ರಲ್ಲಿ, ಇನ್ನೂ 11 ವರ್ಷದವರಿದ್ದಾಗ, ಗುರುವನ್ನು ಹುಡುಕ್ಕೊಂಡು ಮನೆ ಬಿಟ್ಟರು. ಖಾನ್ ಸಾಹೇಬರು ಎದುರಿಗೆ ಕೂತು ಹಾಡಿರಲಿಲ್ಲ. ಆ ಹುಡುಗನ ಕಿವಿಗೆ ಮುಟ್ಟಿದ್ದು ಯಂತ್ರದಿಂದ ಬಂದ ದನಿ.

ನಮ್ಮ ಮನೆಯಲ್ಲಿ ಆ ಯಂತ್ರ ಅಂದ್ರೆ ಎರಡು ಕಟ್ಟಿಗೆ ಬಾಕ್ಸು. ಒಂದೊಂದರಲ್ಲೂ ಮೇಲೆ ಸಣ್ಣ ಟ್ವೀಟರ್, ಕೆಳಗೆ 8 ಇಂಚಿನ ವೂಫರ್. ಗದಗ ಪ್ರಿಂಟಿಂಗ್ ಪ್ರೆಸ್ಸುಗಳ ಊರು. ಅಪ್ಪನೂ ಪ್ರೆಸ್ಸಲ್ಲೇ ಕೆಲಸ ಮಾಡಿದವರು. ವಾರವಿಡೀ ಮಷಿನ್ ಸದ್ದು ಕೇಳಿ, ಭಾನುವಾರ ಬೆಳಿಗ್ಗೆ ಕ್ಯಾಸೆಟ್ ಹಾಕ್ಕೊಂಡು ಕೂತ್ರೆ ಅವರನ್ನ ಯಾರೂ ಮಾತಾಡಿಸಂಗಿಲ್ಲ. ಆ ಜೋಡಿಯನ್ನ 1991ರಲ್ಲಿ ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಹಾಕ್ಕೊಂಡು ತಂದಿದ್ರಂತೆ.

ನಾನು ಆರನೇ ಇಯತ್ತೆ ಇದ್ದಾಗ, ಗಣೇಶನ ಹಬ್ಬದ ದಿನ ಓಣಿ ಹುಡುಗರಿಗೆಲ್ಲ ಕೇಳಿಸ್ಲಿ ಅಂತ ವಾಲ್ಯೂಮ್ ಪೂರ್ತಿ ತಿರುವಿದೆ. ಎಡಗಡೆ ಬಾಕ್ಸು 'ಭರ್ರ್' ಅಂತು. ಆಮೇಲೆ ಅದರಿಂದ ಸರಿಯಾದ ದನಿ ಬರಲೇ ಇಲ್ಲ. ಅಪ್ಪ ಬೈಲಿಲ್ಲ. ವೈರ್ ಬಿಚ್ಚಿ, ಹಳೇ ಧೋತರ ಸುತ್ತಿ, ಎರಡನ್ನೂ ಅಟ್ಟಕ್ಕೆ ಹಾಕಿದ್ರು. ಬೈದಿದ್ರೆ ಮರೆತು ಹೋಗ್ತಿತ್ತೇನೋ.

ಹೋದ ವರ್ಷ ಮನೆಗೆ ಬಣ್ಣ ಹಚ್ಚುವಾಗ ಅಟ್ಟ ಖಾಲಿ ಮಾಡಿದ್ವಿ. ಗುಜರಿಯವನು ಬಾಕ್ಸು ಎತ್ತಿ ನೋಡಿ, ಮ್ಯಾಗ್ನೆಟ್ಟಿನ ತೂಕಕ್ಕೆ ಒಂದು ರೇಟ್ ಹೇಳಿದ. ಅಪ್ಪ "ಕೊಟ್ಟಬಿಡು" ಅಂದ್ರು. ನನಗೆ ಕೈ ಬರಲಿಲ್ಲ. ಬೈಕಿಗೆ ಕಟ್ಟಿಕೊಂಡು ಬೆಟಗೇರಿಯಲ್ಲಿ ಮೈಕ್ ಸೆಟ್ ರಿಪೇರಿ ಮಾಡೋ ಒಬ್ಬ ಕಾಕಾ ಹತ್ರ ಹೋದೆ. ಶಿರಹಟ್ಟಿ ಫಕೀರೇಶ್ವರ ಜಾತ್ರೆ, ಮುಂಡರಗಿ ಅನ್ನದಾನೀಶ್ವರ ಮಠದ ಜಾತ್ರೆ ಬಂದ್ರೆ ಅವರಿಗೆ ಊಟಕ್ಕೂ ಪುರಸೊತ್ತಿರಲ್ಲ.

ಮುಂದಿನ ಜಾಳಿಗೆ ತೆಗೆದು ಅಂಚಿಗೆ ಬೆರಳು ತಾಗಿಸಿದ್ರು. ಕಪ್ಪು ಸ್ಪಂಜು ಬೂದಿ ಥರ ಉದುರಿತು.

"ತಮ್ಮಾ, ಸ್ಪೀಕರ್ ಸತ್ತಿಲ್ಲೋ. ಇದರ ಫೋಮ್ ಕೊಳತೈತಿ, ಅಷ್ಟ."

"ನಾನ ಸಣ್ಣವ ಇದ್ದಾಗ ಜೋರ್ ಹಚ್ಚಿ ಒಡದೇನ್ರಿ ಕಾಕಾ."

"ಹಂಗಾದ್ರ ಬಲಗಡೇದು ಯಾಕ ಉದರತೈತಿ? ಅದನ್ನ ಯಾರ್ ಒಡದ್ರು?"

ನನ್ನ ಹತ್ರ ಉತ್ತರ ಇರಲಿಲ್ಲ.

ವೂಫರ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ತೀನಿ. ಹಿಂದೆ ಒಂದು ಮ್ಯಾಗ್ನೆಟ್. ಅದರ ಸಂದಿಯಲ್ಲಿ ತೆಳು ತಂತಿ ಸುತ್ತಿದ ಕಾಯಿಲ್. ಕಾಯಿಲ್‌ಗೆ ಅಂಟಿದ ಕಾಗದದ ಕೋನ್. ಆಂಪ್ಲಿಫೈಯರಿನಿಂದ ಕರೆಂಟ್ ಬಂದಂತೆ ಕಾಯಿಲ್ ಹಿಂದೆ ಮುಂದೆ ಓಡಾಡುತ್ತೆ, ಕೋನ್ ಗಾಳಿ ತಳ್ಳುತ್ತೆ. ಕೋನಿನ ಹೊರ ಅಂಚನ್ನು ಕಬ್ಬಿಣದ ಚೌಕಟ್ಟಿಗೆ ಹಿಡಿದಿರೋ ಮೆತ್ತನೆ ಉಂಗುರವೇ ಸರೌಂಡ್. ಅದು ಕೋನನ್ನು ನಡುವಿಗೆ ಇಡುತ್ತೆ, ಡಬ್ಬಿಯೊಳಗಿನ ಗಾಳಿ ಸೋರದಂತೆ ತಡೆಯುತ್ತೆ.

1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಸೇರಿ ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪನಿ ಕಟ್ಟಿದರು. ಮುಚ್ಚಿದ ಸಣ್ಣ ಡಬ್ಬಿಯಿಂದಲೂ ದೊಡ್ಡ ಬೇಸ್ ತೆಗೆಯಬಹುದು ಅಂತ ತೋರಿಸಿದರು. ಅಂಥ ವೂಫರಿಗೆ ಬಹಳ ಮೆತ್ತನೆ ಅಂಚು ಬೇಕು. 70ರ ದಶಕದ ಹೊತ್ತಿಗೆ ಪಾಲಿಯುರೆಥೇನ್ ಫೋಮಿನ ಅಂಚು ಎಲ್ಲೆಡೆ ಬಂತು. ಹಗುರ, ಮೆತ್ತಗೆ, ಅಗ್ಗ. ಆದ್ರೆ ಗಾಳಿಯ ತೇವ, ಬಿಸಿ, ಬೆಳಕು ಅದನ್ನ ನಿಧಾನಕ್ಕೆ ತಿಂತಾವೆ. ಹಚ್ಚಿದ್ರೂ ಹಚ್ಚದಿದ್ರೂ 15–20 ವರ್ಷಕ್ಕೆ ಪುಡಿಯಾಗೋದು ಸಾಮಾನ್ಯ. ರಬ್ಬರ್ ಅಂಚು, ಬಟ್ಟೆ ಅಂಚು ಇದಕ್ಕಿಂತ ಬಹಳ ಹೆಚ್ಚು ಬಾಳುತ್ತವೆ.

ಇದು ತಿಳಿದ ಮೇಲೆ ಗೆಳೆಯರ ಮನೆಗಳ ಹಳೇ ಬಾಕ್ಸುಗಳನ್ನೂ ನೋಡಿದೆ. ಮೂರು ಊರು, ಮೂರು ರೋಗ. ಲಕ್ಷ್ಮೇಶ್ವರದಲ್ಲಿ ಅಂಚು ಚೆನ್ನಾಗಿತ್ತು, ದನಿ ಮಾತ್ರ ಇಲ್ಲ. ಮಲ್ಟಿಮೀಟರ್ ಹಿಡಿದ್ರೆ ಮುಳ್ಳು ಅಲುಗಲಿಲ್ಲ. 8 ಓಮ್ ಅಂತ ಬರೆದಿರೋ ವೂಫರ್ ಸಾಮಾನ್ಯವಾಗಿ 6ರಿಂದ 7 ಓಮ್ ತೋರಿಸಬೇಕು. ಏನೂ ತೋರಿಸದಿದ್ರೆ ಕಾಯಿಲ್ ಸುಟ್ಟಿದೆ ಅಥವಾ ತಂತಿ ಹರಿದಿದೆ. ಅದಕ್ಕೆ ರೀಕೋನ್ ಮಾಡಿಸಬೇಕು, ಅದು ಗೊತ್ತಿದ್ದವರ ಕೆಲಸ. ಶಿರಹಟ್ಟಿಯಲ್ಲಿ ರಬ್ಬರ್ ಅಂಚು ಗಟ್ಟಿಮುಟ್ಟಾಗಿತ್ತು. ಹಿಂದೆ ವೈರ್ ಸಿಕ್ಕಿಸೋ ಜಾಗಕ್ಕೆ ಜಂಗು ಹಿಡಿದಿತ್ತು. ಉಜ್ಜಿ ಬಿಗಿ ಮಾಡಿದ್ವಿ, ಮುಗೀತು. ಮುಂಡರಗಿದು ನಮ್ಮದರಂತೆಯೇ ಫೋಮ್ ಪುಡಿ. ಮೂರು ಮನೆಯವರೂ ಹೇಳಿದ್ದು ಒಂದೇ ಮಾತು: "ಸ್ಪೀಕರ್ ಒಡದೈತಿ."

ಹಾಗಾಗಿ ಮೊದಲು ರೋಗ ಗುರುತಿಸ್ರಿ. ಕಣ್ಣಿಂದ ಅಂಚು ನೋಡ್ರಿ. ಮೀಟರ್ ಇಲ್ಲದಿದ್ರೆ 1.5 ವೋಲ್ಟಿನ ಸಣ್ಣ ಸೆಲ್ ಅನ್ನು ವೂಫರಿನ ಎರಡು ಕಡ್ಡಿಗೆ ಒಂದು ಕ್ಷಣ ತಾಗಿಸ್ರಿ: 'ಟಪ್' ಅಂತ ಕೋನ್ ಜಿಗಿದ್ರೆ ಕಾಯಿಲ್ ಜೀವಂತ. ಆಮೇಲೆ ಎರಡೂ ಕೈ ಬೆರಳಿಂದ ಕೋನನ್ನು ಸಮನಾಗಿ, ಮೆಲ್ಲಗೆ ಒತ್ತಿ ಬಿಡ್ರಿ. ಕರಕರ ಅಂದ್ರೆ ಕಾಯಿಲ್ ಎಲ್ಲೋ ಉಜ್ಜುತ್ತಿದೆ. ಆಂಪ್ಲಿಫೈಯರ್ ಮಾತ್ರ ಬಿಚ್ಚಬೇಡ್ರಿ, ಅದರೊಳಗೆ ಕರೆಂಟ್ ಉಳಿದಿರುತ್ತೆ.

ಫೋಮ್ ಬದಲಾಯಿಸೋಕೆ ಹೊಸ ರಿಂಗ್ ಬೇಕು, ಆನ್‌ಲೈನಲ್ಲಿ ಸಿಗುತ್ತವೆ. '8 ಇಂಚು' ಅಂತ ಹೇಳಿದ್ರೆ ಸಾಲದು. ಕೋನಿನ ಹೊರ ಅಳತೆ, ಚೌಕಟ್ಟಿನ ಒಳ ಹೊರ ಅಳತೆ ಮಿಲಿಮೀಟರಲ್ಲಿ ಬರ್ಕೊಳ್ರಿ. ಹಳೇ ಫೋಮ್, ಹಳೇ ಅಂಟು ತಾಳ್ಮೆಯಿಂದ ಕೆರೀಬೇಕು. ಹೊಸ ರಿಂಗನ್ನು ಮೊದಲು ಕೋನಿಗೆ ಅಂಟಿಸಿ ಒಣಗೋಕೆ ಬಿಡಬೇಕು. ಆಮೇಲೆ ಚೌಕಟ್ಟಿಗೆ. ಇಲ್ಲೇ ನಾನು ಎಡವಿದ್ದು.

ಬೇಗ ಮುಗೀಲಿ ಅಂತ ಫಟ್ ಅಂತ ಹಿಡಿಯೋ ಅಂಟು ಹಾಕಿದೆ. ಕೋನ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಕೂತಿತ್ತು. ಕಾಯಿಲ್ ಓಡಾಡೋ ಸಂದಿ ಅಷ್ಟು ಕಿರಿದು. ಹಚ್ಚಿದ ಕೂಡಲೇ ಕರಕರ. ಹೊಸ ರಿಂಗ್ ಹರಿದು ಬಿಸಾಕಿದೆ. ಕಾಕಾ ನಕ್ಕು, ಹಳೇ ಎಕ್ಸ್‌ರೇ ಫಿಲ್ಮ್ ಕೊಟ್ರು. ನಡುವಿನ ಟೋಪಿ ಬ್ಲೇಡಿಂದ ಬಿಡಿಸಿ, ಕಾಯಿಲ್ ಸುತ್ತ ನಾಲ್ಕು ಕಡೆ ಫಿಲ್ಮಿನ ಪಟ್ಟಿ ಸಿಕ್ಕಿಸಿದ್ರೆ ಕಾಯಿಲ್ ತಾನೇ ನಡುವಿಗೆ ನಿಲ್ಲುತ್ತೆ. ನಿಧಾನಕ್ಕೆ ಒಣಗೋ ಬಿಳಿ ಅಂಟು, ಒಂದು ಪೂರ್ತಿ ದಿನದ ಕಾಯುವಿಕೆ, ಪಟ್ಟಿ ತೆಗೆದು ಟೋಪಿ ವಾಪಸ್. ಟೋಪಿ ಬಿಡಿಸೋಕೆ ಮನಸ್ಸಿಲ್ಲದವರು ಫೋನಿನ ಟೋನ್ ಆ್ಯಪಿಂದ 30 ಹರ್ಟ್ಸ್ ದನಿ ಬಹಳ ಸಣ್ಣಗೆ ಹಚ್ಚಿ, ಉಜ್ಜೋ ಸದ್ದು ನಿಲ್ಲೋವರೆಗೂ ಕೋನ್ ಸರಿಸಿ ಅಂಟಿಸ್ತಾರೆ. ಎರಡೂ ಬಾಕ್ಸಿಂದು ಒಟ್ಟಿಗೇ ಮಾಡ್ರಿ. ಸ್ಕ್ರೂಡ್ರೈವರನ್ನು ಮ್ಯಾಗ್ನೆಟ್ ಎಳ್ಕೊಂಡು ಕೋನ್ ತೂತು ಮಾಡುತ್ತೆ, ಹುಷಾರು.

ಬಿ.ಕಾಂನಲ್ಲಿ ಡೆಪ್ರಿಸಿಯೇಶನ್ ಪಾಠ ಇತ್ತು. ಒಂದು ಪದ್ಧತಿಯಲ್ಲಿ ಪ್ರತಿವರ್ಷ ಉಳಿದ ಬೆಲೆಯ ಮೇಲೆ ಇಂತಿಷ್ಟು ಶೇಕಡಾ ಕಳೀತಾ ಹೋಗ್ತೀವಿ. ಬೆಲೆ ಇಳೀತಾ ಇರುತ್ತೆ, ಲೆಕ್ಕದಲ್ಲಿ ಯಾವತ್ತೂ ಪೂರ್ತಿ ಸೊನ್ನೆ ಆಗೋದಿಲ್ಲ. ಪರೀಕ್ಷೆಗೆ ಓದಿ ಮರೆತಿದ್ದೆ. ಗುಜರಿಯವನ ತಕ್ಕಡಿ ನೋಡಿದಾಗ ನೆನಪಾಯ್ತು. ಮ್ಯಾಗ್ನೆಟ್, ಕಾಯಿಲ್, ಕೋನ್, ಡಬ್ಬಿ ಎಲ್ಲ ಸರಿ ಇದ್ದು, ಹಾಳಾಗಿದ್ದು ಕೆಲವೇ ಗ್ರಾಂ ತೂಕದ ಒಂದು ಉಂಗುರ.

ಭಾನುವಾರ ಬೆಳಿಗ್ಗೆ ಜೋಡಿಸಿಟ್ಟು ಅಪ್ಪನ ಕ್ಯಾಸೆಟ್ ಹಾಕಿದೆ. ಕಣ್ಮುಚ್ಚಿ ಕೇಳಿದ್ರು. ಎರಡು ನಿಮಿಷ ಬಿಟ್ಟು, "ತಬಲಾದ ಡಗ್ಗಾ ಎಲ್ಲಿ ಹೋತಲೇ?" ಅಂದ್ರು.

ನನ್ನ ಎದೆ ಧಸಕ್ ಅಂತು. ಹಿಂದೆ ಹೋಗಿ ನೋಡಿದ್ರೆ ಒಂದು ಬಾಕ್ಸಿನ ಕೆಂಪು ಕಪ್ಪು ವೈರ್ ಅದಲುಬದಲು. ಒಂದು ಕೋನ್ ಮುಂದೆ ಹೋಗುವಾಗ ಇನ್ನೊಂದು ಹಿಂದೆ. ಒಂದರ ಬೇಸ್ ಇನ್ನೊಂದು ನುಂಗಿಬಿಡುತ್ತೆ. ವೈರ್ ತಿರುಗಿಸಿ ಹಾಕಿದೆ. ಡಗ್ಗಾ ಬಂತು, ಕುರ್ಚಿಯ ಕಾಲಿಗೂ ಗೊತ್ತಾಗೋ ಹಾಗೆ ಬಂತು.

ಕ್ಯಾಸೆಟ್ಟಿನ ಒಂದು ಬದಿ ಮುಗಿದ ಮೇಲೆ ಹೇಳಿದೆ: "ಅಪ್ಪಾ, ಅವತ್ತ ಗಣೇಶನ ಹಬ್ಬದಾಗ ನಾನ ವಾಲ್ಯೂಮ್ ಪೂರಾ ತಿರುವಿದ್ದೆ."

"ನನಗ ಗೊತ್ತೈತಿ."

"ಮತ್ತ ಯಾಕ ಬೈಲಿಲ್ಲ?"

"ಹಬ್ಬದ ಮುಂಚೆನ ಅಂಚು ಸೀಳಿದ್ದು ನೋಡಿದ್ನಿ. ಮಾಡಿಸಾಕ ರೊಕ್ಕ ಇರಲಿಲ್ಲ, ಅಷ್ಟ. ನಿನ್ನ ಫೀ ಕಟ್ಟೂದಿತ್ತು."

ಅಷ್ಟು ಹೇಳಿ ಕ್ಯಾಸೆಟ್ ತಿರುವಿ ಹಾಕಿದ್ರು.

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಜೋಡಿ ಇದ್ರೆ, ಗುಜರಿಯವರನ್ನ ಕರೆಯೋ ಮುಂಚೆ ಜಾಳಿಗೆ ತೆಗೆದು ಅಂಚಿಗೆ ಒಂದ್ಸಲ ಬೆರಳು ಹಚ್ಚಿ ನೋಡ್ರಿ. ಅದನ್ನ ಯಾಕೆ ಅಟ್ಟಕ್ಕೆ ಹಾಕಿದ್ರು ಅಂತ ಮನೆಯ ಹಿರಿಯರನ್ನೂ ಕೇಳ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರ್ತೀನ್ರೀ.